ಗೋಧಿ ಕಾಳಿನಷ್ಟು ಸುಣ್ಣದಲ್ಲಿ ಕ್ಯಾಲ್ಸಿಯಂ ಎಷ್ಟು?

ಮಾನ್ಯ ಸಂಪಾದಕರೇ,

ದಿನಾ ಬೆಳಿಗ್ಗೆ ಗೋಧಿ ಕಾಳಿನಷ್ಟು ಸುಣ್ಣವನ್ನು ಮಜ್ಜಿಗೆಗೋ ಮೊಸರಿಗೋ ಕದಡಿ ಕುಡಿದರೆ ಮೂಳೆ ಗಟ್ಟಿಯಾಗುತ್ತದೆ, ಮಂಡಿನೋವು ಹೋಗುತ್ತದೆ, ಕ್ಯಾಲ್ಸಿಯಂ ಮಾತ್ರೆಯ ಹಂಗೇ ಬೇಡ ಎಂಬ ಸಲಹೆ ವರ್ಷಗಳಿಂದ ಮೊಬೈಲಿನಿಂದ ಮೊಬೈಲಿಗೆ ದಾಟುತ್ತಿದೆ. ಮಲೆನಾಡಿನಲ್ಲಿ ಇದು ಬೇಗ ನಾಟುತ್ತದೆ. ಕವಳದ (ಎಲೆಯಡಿಕೆಯ) ಹರಿವಾಣದಲ್ಲಿ ಸುಣ್ಣದ ಡಬ್ಬಿ ಹೇಗೂ ಇದೆ, ಖರ್ಚಿಲ್ಲ, ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದೂ ನಿಜ. ಎಷ್ಟಿದೆ ಎಂದು ಮಾತ್ರ ಯಾರೂ ಲೆಕ್ಕ ಹಾಕಿ ಹೇಳುವುದಿಲ್ಲ. ಬಸುರಿಯರೂ ಬಾಣಂತಿಯರೂ ಈ ಮಾತನ್ನು ನಂಬಿ ಸರ್ಕಾರ ಕೊಡುವ ಮಾತ್ರೆಯನ್ನು ಬದಿಗಿಟ್ಟರೆ ಆಗುವ ನಷ್ಟ ಸಣ್ಣದಲ್ಲ. ಆದ್ದರಿಂದ ಲೆಕ್ಕವನ್ನು ಇಲ್ಲಿ ಪೂರ್ತಿ ಬಿಡಿಸಿಡುತ್ತಿದ್ದೇವೆ. ದಯವಿಟ್ಟು ಪ್ರಕಟಿಸಿ.

ಕ್ಯಾಲ್ಸಿಯಂ ಒಂದು ಲೋಹ. ಪರಮಾಣು ಸಂಖ್ಯೆ 20, ಪರಮಾಣು ತೂಕ 40. 1808ರಲ್ಲಿ ಲಂಡನ್ನಿನ ಹಂಫ್ರಿ ಡೇವಿ ವಿದ್ಯುತ್ ಹಾಯಿಸಿ ಸುಣ್ಣದಿಂದ ಅದನ್ನು ಬೇರ್ಪಡಿಸಿದರು. ಬೆಳ್ಳಿಯ ಬಣ್ಣದ ಈ ಲೋಹ ನೀರು ತಾಗಿದರೆ ಹೈಡ್ರೋಜನ್ ಬಿಡುತ್ತಾ ಮತ್ತೆ ಸುಣ್ಣವಾಗುತ್ತದೆ. ಹಾಗಾಗಿ ಪ್ರಕೃತಿಯಲ್ಲಿ ಅದು ಒಂಟಿಯಾಗಿ ಎಲ್ಲೂ ಸಿಗದು. ಕಲ್ಲು, ಚಿಪ್ಪು, ಮೂಳೆ, ಹಾಲು ಎಲ್ಲದರಲ್ಲೂ ಬೇರೆ ಧಾತುಗಳ ಜೊತೆ ಕೂಡಿಕೊಂಡೇ ಇರುತ್ತದೆ. ಸುಣ್ಣದಕಲ್ಲನ್ನೋ ಚಿಪ್ಪನ್ನೋ ಸುಟ್ಟರೆ ಹರಳು ಸುಣ್ಣ, ಅದಕ್ಕೆ ನೀರು ಹಾಕಿ ಅರಳಿಸಿದರೆ ಕವಳದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದರ ತೂಕದಲ್ಲಿ ನೂರಕ್ಕೆ 54 ಪಾಲು ಕ್ಯಾಲ್ಸಿಯಂ.

ಈಗ ಗೋಧಿ ಕಾಳಿನ ಲೆಕ್ಕ. ಒಂದು ಗೋಧಿ ಕಾಳು ಸುಮಾರು 40 ಮಿಲಿಗ್ರಾಂ ತೂಗುತ್ತದೆ. ಅಷ್ಟು ಗಾತ್ರದ ಸುಣ್ಣವನ್ನು ಧಾರಾಳವಾಗಿ 50 ಮಿ.ಗ್ರಾಂ ಎಂದೇ ಹಿಡಿಯೋಣ. ಪೂರ್ತಿ ಒಣ ಪುಡಿಯಾಗಿದ್ದರೆ ಅದರಲ್ಲಿ 27 ಮಿ.ಗ್ರಾಂ ಕ್ಯಾಲ್ಸಿಯಂ. ಆದರೆ ಡಬ್ಬಿಯ ಸುಣ್ಣ ಮುದ್ದೆಯಂತಿರುತ್ತದೆ, ಅದರ ಹೆಚ್ಚುಕಡಿಮೆ ಅರ್ಧ ನೀರು; ಉಳಿಯುವುದು 13 ಮಿ.ಗ್ರಾಂ. 100 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 120 ಮಿ.ಗ್ರಾಂ ಇರುವುದರಿಂದ, ಒಂದು ದಿನದ ಸುಣ್ಣ ಕೊಡುವ ಕ್ಯಾಲ್ಸಿಯಂ ಎರಡು ಟೀ ಚಮಚ ಹಾಲಿನಲ್ಲಿ ಸಿಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿಪಡಿಸಿದಂತೆ ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ ಬೇಕು, ಹಾಲೂಡುವ ತಾಯಿಗೆ 1200. ಸುಣ್ಣವನ್ನು ಕದಡಿದ ಆ ಮೊಸರಿನಲ್ಲೇ ಸುಣ್ಣಕ್ಕಿಂತ ಹತ್ತು ಪಟ್ಟು ಕ್ಯಾಲ್ಸಿಯಂ ಇರುತ್ತದೆ. ಯಾರಿಗಾದರೂ ಗುಣ ಕಂಡಿದ್ದರೆ ಅದರ ಯಶಸ್ಸು ಮೊಸರಿಗೆ ಸಲ್ಲಬೇಕು.

ಹಾಗಾದರೆ ಪ್ರಮಾಣ ಹೆಚ್ಚಿಸೋಣ ಎನ್ನುವವರಿಗೆ ಎಚ್ಚರಿಕೆ ಹೇಳಲೇಬೇಕು. ಒಂದು ಮಾತ್ರೆಯಷ್ಟು, ಅಂದರೆ 500 ಮಿ.ಗ್ರಾಂ ಕ್ಯಾಲ್ಸಿಯಂಗೆ ಒಣ ಲೆಕ್ಕದಲ್ಲೂ ಸುಮಾರು ಒಂದು ಗ್ರಾಂ ಸುಣ್ಣ ಬೇಕು. ಸುಣ್ಣದ ತಿಳಿನೀರಿನ ಪಿಎಚ್ ಮೌಲ್ಯ 12.4, ಬಾಯಿ, ಅನ್ನನಾಳದ ಒಳಪದರವನ್ನು ಸುಡುವಷ್ಟು ತೀಕ್ಷ್ಣ. ಕ್ಯಾಲ್ಸಿಯಂ ಮತ್ತು ಕ್ಷಾರ ಎರಡೂ ದಿನವೂ ಹೆಚ್ಚಾಗಿ ಒಳಗೆ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡುವ ಕಾಯಿಲೆಯೂ ಇದೆ. ಅಂಗಡಿಯಲ್ಲಿ ಸಿಗುವ ಸುಣ್ಣ ಹೆಚ್ಚಾಗಿ ಆಹಾರ ದರ್ಜೆಯದ್ದಲ್ಲ. ಯಾವ ಗೂಡಿನಲ್ಲಿ ಸುಟ್ಟದ್ದು, ಏನು ಬೆರೆತಿದೆ ಎಂಬ ವಿವರ ಪೊಟ್ಟಣದ ಮೇಲೆ ಇರುವುದಿಲ್ಲ. ಡಬ್ಬಿ ಬಹಳ ದಿನ ತೆರೆದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣ ಕಾರ್ಬೊನೇಟ್ ಆಗುತ್ತದೆ, ಖಾರ ಸತ್ತುಹೋಗುತ್ತದೆ. ಆಗ ಏನು ತಿನ್ನುತ್ತಿದ್ದೇವೆ ಎಂಬುದೇ ತಿಳಿಯದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕೂಡಿಸುವ ಅಡಿಕೆ ಬೆಳೆಗಾರರಿಗೆ ಈ ಕಷ್ಟ ಗೊತ್ತು: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಅಳೆದು ಹಾಕಿದರೂ ಸುಣ್ಣ ಹಳತಾಗಿದ್ದರೆ ಕತ್ತಿಯ ಅಲಗಿನ ಮೇಲೆ ತಾಮ್ರದ ಕೆಂಪು ಹತ್ತುತ್ತದೆ, ಮತ್ತೆ ಸುಣ್ಣ ಸೇರಿಸಬೇಕಾಗುತ್ತದೆ.

ಕವಳದಿಂದ ಕ್ಯಾಲ್ಸಿಯಂ ಸಿಗುತ್ತದೆ ಎಂಬ ವಾದಕ್ಕೂ ಇದೇ ಉತ್ತರ. ಎಲೆಗೆ ಸವರುವ ಸುಣ್ಣ ಕೊಡುವ ಕ್ಯಾಲ್ಸಿಯಂ ಅಲ್ಪ. ಅದು ಬಾಯಿಯನ್ನು ಕ್ಷಾರೀಯವಾಗಿಸಿ ಅಡಿಕೆಯ ಅರೆಕೊಲಿನ್ ಅಂಶ ಬೇಗ ಹೀರಿಕೊಳ್ಳುವಂತೆ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕಿಲ್ಲದ ಕವಳವನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ಅಡಿಕೆಯೇ ಬದುಕಾಗಿರುವ ನಾಡಿನಲ್ಲಿ ಇದನ್ನು ಬರೆಯುವುದು ಸುಲಭವಲ್ಲ, ಆದರೂ ಮೂಳೆಯ ಹೆಸರಿನಲ್ಲಿ ಯಾರೂ ಕವಳ ಹೆಚ್ಚಿಸಬಾರದು.

ಸುಣ್ಣದ ವಿಷಯ ಬಿಡುವ ಮುನ್ನ ಕಣ್ಣಿನ ಬಗ್ಗೆ. ಮಕ್ಕಳು ಸುಣ್ಣದ ಪೊಟ್ಟಣ ಹಿಚುಕುವಾಗ, ತೋಟದಲ್ಲಿ ಸುಣ್ಣ ಅರಳಿಸುವಾಗ ಚಿಮ್ಮಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕ್ಷಾರ ಕಣ್ಣಿನ ಪದರಗಳನ್ನು ಕೊರೆದು ಒಳಗಿಳಿಯುತ್ತದೆ. ಆಸ್ಪತ್ರೆಗೆ ಓಡುವ ಮೊದಲೇ, ನಿಂತ ಜಾಗದಲ್ಲೇ ರೆಪ್ಪೆ ಎತ್ತಿ ಹಿಡಿದು ಶುದ್ಧ ನೀರು ಹರಿಸಬೇಕು, ಕನಿಷ್ಠ 30 ನಿಮಿಷ. ಕಣ್ಣೊಳಗೆ ಸುಣ್ಣದ ಗಂಟು ಕಂಡರೆ ಒದ್ದೆ ಬಟ್ಟೆಯ ತುದಿಯಿಂದ ತೆಗೆಯಬೇಕು. ಉಜ್ಜಬಾರದು. ನಿಂಬೆರಸ, ತುಪ್ಪ, ಎಣ್ಣೆ, ಎದೆಹಾಲು ಯಾವುದನ್ನೂ ಬಿಡಬಾರದು. ದಾರಿಯುದ್ದಕ್ಕೂ ನೀರು ಹಾಕುತ್ತಲೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಇನ್ನು ದೇಹದ ಮಾತು. ವಯಸ್ಕರ ಮೈಯಲ್ಲಿ ಒಂದು ಕಿಲೋಗಿಂತ ತುಸು ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಅದರ 99 ಪಾಲು ಮೂಳೆ, ಹಲ್ಲುಗಳಲ್ಲಿ ರಂಜಕದೊಂದಿಗೆ ಹರಳುಗಟ್ಟಿದೆ. ಉಳಿದ ಒಂದು ಪಾಲು ರಕ್ತದಲ್ಲಿ, ಸ್ನಾಯುವಿನಲ್ಲಿ, ನರಗಳಲ್ಲಿ. ಜೀವ ನಿಂತಿರುವುದು ಈ ಒಂದು ಪಾಲಿನ ಮೇಲೆ. ರಕ್ತ ಹೆಪ್ಪುಗಟ್ಟಲು, ನರದಿಂದ ನರಕ್ಕೆ ಸಂದೇಶ ದಾಟಲು, ಹೃದಯ ಬಡಿಯಲು ಅದು ಬೇಕು. 1883ರಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯರು ಲಂಡನ್ನಿನಲ್ಲಿ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಪರೀಕ್ಷಿಸುತ್ತಿದ್ದರು. ನಲ್ಲಿ ನೀರಿನಿಂದ ಮಾಡಿದ ದ್ರಾವಣದಲ್ಲಿ ಹೃದಯ ಗಂಟೆಗಟ್ಟಲೆ ಬಡಿಯುತ್ತಿತ್ತು, ಬಟ್ಟಿ ಇಳಿಸಿದ ನೀರಿನ ದ್ರಾವಣದಲ್ಲಿ ಬೇಗ ನಿಲ್ಲುತ್ತಿತ್ತು. ವ್ಯತ್ಯಾಸ ನಲ್ಲಿ ನೀರಿನ ಕ್ಯಾಲ್ಸಿಯಂನದ್ದು.

ಅದಕ್ಕೇ ದೇಹ ರಕ್ತದ ಮಟ್ಟವನ್ನು ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿ.ಗ್ರಾಂ ನಡುವೆ ಬಿಗಿಯಾಗಿ ಹಿಡಿದಿರುತ್ತದೆ. ಊಟದಲ್ಲಿ ಸಾಲದಿದ್ದರೆ ಕುತ್ತಿಗೆಯಲ್ಲಿರುವ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯೆಂಬ ಕಣಜದ ಬಾಯಿ ತೆರೆಯುತ್ತವೆ. ಹೀಗಾಗಿ ಲ್ಯಾಬಿನ ಚೀಟಿಯಲ್ಲಿ 9.2 ಎಂದಿದ್ದರೆ ‘ಕ್ಯಾಲ್ಸಿಯಂ ಚೆನ್ನಾಗಿದೆ’ ಎಂದು ನಿರಾಳರಾಗುವುದು ತಪ್ಪು. ಮೂಳೆ ಸವೆಯುತ್ತಿದ್ದರೂ ಆ ಅಂಕಿ ಬದಲಾಗದು. ಮೂಳೆಯ ಸಾಂದ್ರತೆ ತಿಳಿಯಲು ಡೆಕ್ಸಾ ಪರೀಕ್ಷೆಯೇ ಬೇಕು; ಅದರಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ತದ್ವಿರುದ್ಧವಾಗಿ, ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇಳಿದಿದ್ದರೆ ಕ್ಯಾಲ್ಸಿಯಂ ಸುಮ್ಮನೆ ಕಡಿಮೆ ಕಾಣುತ್ತದೆ. ಆಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ ವರದಿಯ ಅಂಕಿಗೆ ಕೂಡಿಸಿದರೆ ಸರಿಸುಮಾರು ನಿಜ ಮಟ್ಟ ಬರುತ್ತದೆ. ಆಲ್ಬುಮಿನ್ 3, ಕ್ಯಾಲ್ಸಿಯಂ 8 ಇದ್ದವರಿಗೆ ಅದು 8.8, ಹೆದರಬೇಕಾಗಿಲ್ಲ.

ಕೊಟ್ಟಿಗೆಯಲ್ಲಿ ಇದೇ ವ್ಯವಸ್ಥೆ ಸೋಲುವುದನ್ನು ಹೈನುಗಾರರು ನೋಡಿರುತ್ತಾರೆ. ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸುವಿನ ರಕ್ತದಲ್ಲಿ ಒಟ್ಟು ಸುಮಾರು 3 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕರು ಹಾಕಿದ ದಿನ 10 ಲೀಟರ್ ಗಿಣ್ಣುಹಾಲಿನಲ್ಲಿ 20 ಗ್ರಾಂ ಮೀರಿ ಹೊರಗೆ ಹೋಗುತ್ತದೆ. ಮೂಳೆಯಿಂದ ಅಷ್ಟು ಬೇಗ ಬಾರದಿದ್ದರೆ ಹಸುವಿನ ಕಿವಿ ತಣ್ಣಗಾಗಿ, ಕತ್ತು ಪಕ್ಕಕ್ಕೆ ಮಡಚಿ, ಏಳಲಾರದೆ ಮಲಗುತ್ತದೆ. ಆಗ ಗೊಟ್ಟದಲ್ಲಿ ಏನನ್ನೂ ಬಾಯಿಗೆ ಸುರಿಯಬಾರದು, ನುಂಗುವ ಶಕ್ತಿಯಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಪಶುವೈದ್ಯರು ಹೃದಯದ ಬಡಿತ ಕೇಳುತ್ತಾ ಕ್ಯಾಲ್ಸಿಯಂ ಬೋರೋಗ್ಲುಕೊನೇಟನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಡಬೇಕು. ಅವಸರ ಮಾಡಿದರೆ ಅದೇ ಔಷಧಿಯಿಂದ ಹೃದಯ ನಿಲ್ಲುತ್ತದೆ.

ಮಲೆನಾಡಿನ ಊಟದಲ್ಲಿ ಕ್ಯಾಲ್ಸಿಯಂ ಎಲ್ಲಿ ಸೋರುತ್ತದೆ ಎಂಬುದು ನಮ್ಮ ಮುಖ್ಯ ಕಾಳಜಿ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿ.ಮೀ. ಮೀರುವ ಮಳೆ ನೆಲದ ಸುಣ್ಣದಂಶವನ್ನು ತೊಳೆದೊಯ್ದು ಕಬ್ಬಿಣ, ಅಲ್ಯುಮಿನಿಯಂ ಉಳಿದ ಜಂಬಿಟ್ಟಿಗೆ ಮಣ್ಣನ್ನು ಬಿಟ್ಟಿದೆ. ಬಾವಿ, ಹಳ್ಳದ ನೀರು ಮೃದು. ಬಯಲುಸೀಮೆಯ ಗಡಸು ನೀರಿನ ಲೀಟರಿನಲ್ಲಿ 75 ಮಿ.ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರಬಹುದು. ಇಲ್ಲಿ ಆ ಆದಾಯವಿಲ್ಲ. ಮೃದು ನೀರಿಗೂ ಆರ್‌ಓ ಯಂತ್ರ ಕೂರಿಸಿ ಇದ್ದಷ್ಟನ್ನೂ ಸೋಸಿ ಚೆಲ್ಲುವುದು ವ್ಯರ್ಥ ಖರ್ಚು. ಕರಗಿದ ಲವಣ ಲೀಟರಿಗೆ 500 ಮಿ.ಗ್ರಾಂಗಿಂತ ಕಡಿಮೆಯಿದ್ದು ಬೇರೆ ರಾಸಾಯನಿಕ ದೋಷವಿಲ್ಲದಿದ್ದರೆ ಸೋಸಿ, ಕುದಿಸಿ ಕುಡಿಯಿರಿ.

ಬಾಳೆಲೆಯ ತುಂಬ ಇರುವುದು ಅಕ್ಕಿ: ಗಂಜಿ, ಕಡುಬು, ಅಕ್ಕಿರೊಟ್ಟಿ, ಅನ್ನ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿ.ಗ್ರಾಂ ಕೂಡ ಇಲ್ಲ. ದಿನಕ್ಕೆ 400 ಗ್ರಾಂ ಅಕ್ಕಿ ಉಂಡರೂ 30ರಿಂದ 40. ಬೇಳೆಯಿಂದ 50, ಕಾಫಿ-ಚಹಾಕ್ಕೆ ಹಾಕುವ 100 ಮಿ.ಲೀ. ಹಾಲಿನಿಂದ 120, ತರಕಾರಿಯಿಂದ ಇನ್ನೊಂದು 50. ಒಟ್ಟು 250ರ ಆಸುಪಾಸು. ನಮ್ಮ ನೀರುಮಜ್ಜಿಗೆಯನ್ನು ಜನ ಬಹಳ ನಂಬುತ್ತಾರೆ. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಬೆರೆಸಿದ ದೊಡ್ಡ ಲೋಟದಲ್ಲಿ ಸಿಗುವುದು 60 ಮಿ.ಗ್ರಾಂ ಅಷ್ಟೇ. ಮಜ್ಜಿಗೆ ಕುಡಿಯಿರಿ, ಲೆಕ್ಕಕ್ಕೆ ಮೊಸರನ್ನೇ ಹಿಡಿಯಿರಿ.

ಈ ಕೊರತೆ ತುಂಬಲು ರಾಗಿಗಿಂತ ದೊಡ್ಡ ಧಾನ್ಯವಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಶಿಕಾರಿಪುರದ ಕಡೆ ರಾಗಿ ಅಪರೂಪವಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಮನೆಗಳಲ್ಲಿ ಅದು ಮಗುವಿನ ಮಣ್ಣಿಗೋ (ರಾಗಿ ಹಾಲು ಕಾಯಿಸಿದ ಗಂಜಿ) ಬೇಸಿಗೆಯ ಅಂಬಲಿಗೋ ಸೀಮಿತ. ಅಲ್ಲೂ ಒಂದು ನಷ್ಟವಾಗುತ್ತದೆ: ರಾಗಿಯ ಕ್ಯಾಲ್ಸಿಯಂ ಹೆಚ್ಚಾಗಿರುವುದು ಕಾಳಿನ ಹೊರಪದರದಲ್ಲಿ, ಮಣ್ಣಿಗೂ ಹಾಲುಬಾಯಿಗೂ ನಾವು ರುಬ್ಬಿ, ಬಟ್ಟೆಯಲ್ಲಿ ಹಾಲು ಹಿಂಡಿ, ಚರಟವನ್ನು ಎಮ್ಮೆಗೆ ಹಾಕುತ್ತೇವೆ. ಎಳೆಗೂಸಿಗೆ ಸೋಸುವುದು ಸರಿ. ಅಗಿಯಲು ಬಂದ ಮಕ್ಕಳಿಗೂ ದೊಡ್ಡವರಿಗೂ ಇಡೀ ಹಿಟ್ಟೇ ಬೇಕು. ಮೊಳಕೆ ಕಟ್ಟಿದರೆ ಕ್ಯಾಲ್ಸಿಯಂ ಹಿಡಿದಿಟ್ಟಿರುವ ಫೈಟೇಟ್ ಎಂಬ ಅಂಶ ಕಡಿಮೆಯಾಗುತ್ತದೆ. ರಾತ್ರಿ 12 ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದರಿಂದ ಒಂದೂವರೆ ದಿನ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಪೂರ್ತಿ ಒಣಗಿಸಿ, ಹದವಾಗಿ ಹುರಿದು ಬೀಸಬೇಕು. ಇದನ್ನು ಏಪ್ರಿಲ್, ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ಮಳೆ ಹಿಡಿದ ಮೇಲೆ ಮೊಳಕೆ ಒಣಗದೆ ಬೂಸ್ಟು ಬರುತ್ತದೆ, ಆ ಹಿಟ್ಟು ಮಗುವಿಗೆ ಕೊಡುವಂಥದ್ದಲ್ಲ.

ಸೊಪ್ಪಿನಲ್ಲಿ ಪುಸ್ತಕದ ಅಂಕಿಯನ್ನು ಹಾಗೇ ನಂಬಬಾರದು. ಕೆಸುವಿನ ಎಲೆಯಲ್ಲಿ 100 ಗ್ರಾಮಿಗೆ 200 ಮಿ.ಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ಆದರೆ ಅದರಲ್ಲಿ ಬಹಳಷ್ಟು ಆಕ್ಸಲೇಟ್ ಹರಳಾಗಿ ಕೂತಿದೆ. ಬೇಯದ ಪತ್ರೊಡೆ ಗಂಟಲು ತುರಿಸುವುದೂ ಸೂಜಿಯಾಕಾರದ ಈ ಹರಳುಗಳಿಂದಲೇ. ಅವು ಕರುಳಿನಲ್ಲಿ ಕರಗುವುದಿಲ್ಲ. ಪಾಲಕದ ಕಥೆಯೂ ಅದೇ: ಹಾಲಿನ ಕ್ಯಾಲ್ಸಿಯಂನಲ್ಲಿ ಸುಮಾರು 30 ಪಾಲು ಮೈಗೆ ಹತ್ತಿದರೆ ಪಾಲಕದ್ದು 5 ಪಾಲು ಮಾತ್ರ. ನುಗ್ಗೆ ಸೊಪ್ಪು ಎಷ್ಟೋ ಮೇಲು, 50 ಗ್ರಾಂ ಹಸಿ ಸೊಪ್ಪಿನಲ್ಲಿ 150 ಮಿ.ಗ್ರಾಂ ಇದೆ. ಎಳ್ಳಿನ ಕ್ಯಾಲ್ಸಿಯಂ ಸಿಪ್ಪೆಯಲ್ಲಿದೆ. ಸಿಪ್ಪೆ ತೆಗೆದ ಬೆಳ್ಳಗಿನ ಎಳ್ಳಿನಲ್ಲಿ ತೀರಾ ಕಡಿಮೆ. ಸಿಪ್ಪೆ ಸಹಿತ 10 ಗ್ರಾಂ ಎಳ್ಳಿನಲ್ಲಿ 130 ಮಿ.ಗ್ರಾಂ ಎಂದು ಪಟ್ಟಿ ಹೇಳುತ್ತದೆ, ಅಲ್ಲೂ ಆಕ್ಸಲೇಟ್ ಇರುವುದರಿಂದ ಪೂರ್ತಿ ಎಣಿಸಬೇಡಿ. ಇಡೀ ಕಾಳು ನುಂಗಿದರೆ ಜೀರ್ಣವೇ ಆಗದು, ಹುರಿದು ಪುಡಿ ಮಾಡಿ. ಮೀನು ತಿನ್ನುವವರಿಗೆ ಮುಳ್ಳು ಸಮೇತ ಅಗಿಯಬಹುದಾದ ಸಣ್ಣ ಹೊಳೆಮೀನು, ಒಣಮೀನು ಬಹಳ ಒಳ್ಳೆಯದು. ಹೀಗೆ, ಬೆಳಗಿನ ಅಕ್ಕಿರೊಟ್ಟಿಯ ಜಾಗದಲ್ಲಿ 100 ಗ್ರಾಂ ಹಿಟ್ಟಿನ ರಾಗಿರೊಟ್ಟಿ, ದಿನಕ್ಕೆ ಕಾಲು ಲೀಟರ್ ಹಾಲು ಅಥವಾ ಗಟ್ಟಿ ಮೊಸರು, ಒಂದು ಹೊತ್ತು ನುಗ್ಗೆ ಸೊಪ್ಪು ಸೇರಿದರೆ ಮೊದಲಿನ 250ರ ಜೊತೆ ಸಾವಿರ ದಾಟುತ್ತದೆ.

ಉಪ್ಪಿನಕಾಯಿ ಪ್ರಿಯರಿಗೆ ಒಂದು ಮಾತು. ಸುಮಾರು 6 ಗ್ರಾಂ ಉಪ್ಪು ಮೈಯಿಂದ ಹೊರಹೋಗುವಾಗ ಮೂತ್ರದಲ್ಲಿ 40 ಮಿ.ಗ್ರಾಂನಷ್ಟು ಕ್ಯಾಲ್ಸಿಯಂ ಎಳೆದೊಯ್ಯುತ್ತದೆ. ಗೋಧಿ ಕಾಳಿನ ಸುಣ್ಣ ಕೊಡುವುದು ಇದರ ಮೂರನೇ ಒಂದು ಪಾಲು.

ಮೂತ್ರಪಿಂಡದಲ್ಲಿ ಕಲ್ಲಿದೆಯೆಂದು ಹಾಲು, ರಾಗಿ ಬಿಡುವವರೂ ಇದ್ದಾರೆ. ಕಲ್ಲು ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್ ಆಗಿರುವುದರಿಂದ ಈ ಭಯ ಸಹಜ, ಆದರೆ ಫಲ ಉಲ್ಟಾ. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಸಾಗಿಸುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಕ್ಕೆ ಬರುತ್ತದೆ. 2002ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಕಲ್ಲಿನ ತೊಂದರೆಯಿದ್ದ 120 ಗಂಡಸರನ್ನು ಎರಡು ಗುಂಪು ಮಾಡಿ 5 ವರ್ಷ ಗಮನಿಸಿದರು. ಕ್ಯಾಲ್ಸಿಯಂ ಕಡಿತ ಮಾಡಿದ 60 ಜನರಲ್ಲಿ 23 ಮಂದಿಗೆ ಕಲ್ಲು ಮರಳಿತು. ಕ್ಯಾಲ್ಸಿಯಂ ಸಾಮಾನ್ಯವಾಗಿಟ್ಟು ಉಪ್ಪು, ಮಾಂಸ ಕಡಿಮೆ ಮಾಡಿದ 60 ಜನರಲ್ಲಿ 12 ಮಂದಿಗೆ. ಇದು ಊಟದ ಕ್ಯಾಲ್ಸಿಯಂ ಮಾತು. ಕಲ್ಲಿರುವವರು ಮಾತ್ರೆಯನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಮಾತ್ರೆಯಲ್ಲಿ ಮೊದಲು ಓದಬೇಕಾದದ್ದು ‘ಎಲಿಮೆಂಟಲ್ ಕ್ಯಾಲ್ಸಿಯಂ’ ಎಂಬ ಸಾಲು. ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ ಎಂದು ದಪ್ಪಕ್ಷರದಲ್ಲಿದ್ದರೆ ಅದರಲ್ಲಿ ಕ್ಯಾಲ್ಸಿಯಂ 500. ಸಿಟ್ರೇಟ್ 1000 ಎಂದಿದ್ದರೆ 210 ಮಾತ್ರ. ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಅದನ್ನು ಊಟದೊಂದಿಗೇ ನುಂಗಬೇಕು. ಗ್ಯಾಸ್ಟ್ರಿಕ್‌ಗೆಂದು ದಿನವೂ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುವವರಿಗೆ ಸಿಟ್ರೇಟ್ ವಾಸಿ. ಒಂದು ಸಲಕ್ಕೆ 500ಕ್ಕಿಂತ ಹೆಚ್ಚು ಬೇಡ, ಹೆಚ್ಚಿದಷ್ಟೂ ಹೀರಿಕೆಯ ಪಾಲು ಇಳಿಯುತ್ತದೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರವಿರಲಿ. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್, ಮತ್ತೆ ಸಿಪ್ರೊಫ್ಲಾಕ್ಸಾಸಿನ್ ಕ್ಯಾಲ್ಸಿಯಂಗೆ ಅಂಟಿಕೊಂಡು ನಿಷ್ಫಲವಾಗುತ್ತವೆ, ಜ್ವರ ಇಳಿಯದಿರಲು ಇದೂ ಕಾರಣವಾಗಬಹುದು.

ಬಸುರಿಯರಿಗೆ ನಾಲ್ಕನೇ ತಿಂಗಳಿನಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ ಸರ್ಕಾರವೇ ಕೊಡುತ್ತದೆ. ಒಂದೊಂದರಲ್ಲಿ 500 ಮಿ.ಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ ವಿಟಮಿನ್ ಡಿ. ಜೊತೆಗೆ ಕಬ್ಬಿಣದ ಮಾತ್ರೆಯೂ ಇರುತ್ತದೆ. ಮರೆತುಹೋದೀತೆಂದು ಮೂರನ್ನೂ ಒಂದೇ ಗುಟುಕಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಯನ್ನು ತಡೆಯುತ್ತದೆ, ರಕ್ತಹೀನತೆ ಹಾಗೇ ಉಳಿಯುತ್ತದೆ. ಬೆಳಗಿನ ತಿಂಡಿಯೊಂದಿಗೆ ಒಂದು ಕ್ಯಾಲ್ಸಿಯಂ, ಮಧ್ಯಾಹ್ನದ ಊಟದೊಂದಿಗೆ ಇನ್ನೊಂದು, ರಾತ್ರಿ ಊಟವಾಗಿ 2 ಗಂಟೆಯ ಮೇಲೆ ಕಬ್ಬಿಣ. ಕಬ್ಬಿಣದ ಮಾತ್ರೆಗೆ ಹಾಲು, ಚಹಾ, ಕಾಫಿ ಬೇಡ, ನೀರು ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುವ ನಮ್ಮ ಕಡೆ ವಿಟಮಿನ್ ಡಿ ಕೊರತೆಯನ್ನೂ ಮರೆಯುವಂತಿಲ್ಲ. ಅದಿಲ್ಲದೆ ಕರುಳು ಕ್ಯಾಲ್ಸಿಯಂ ಹೀರದು. ಬಿಸಿಲು ಬಂದ ದಿನ ಹತ್ತರಿಂದ ಮೂರರ ಒಳಗೆ ತೋಳು, ಕಾಲಿಗೆ ನೇರ ಬಿಸಿಲು ತಾಗಬೇಕು. ಕಿಟಕಿ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ. ಆದರೆ 60,000 ಯೂನಿಟ್‌ನ ಪುಡಿ ಪೊಟ್ಟಣ ಅಥವಾ ಗುಳಿಗೆಯಲ್ಲಿ ಆಗುವ ತಪ್ಪು ಅಪಾಯಕಾರಿ. ವೈದ್ಯರು ವಾರಕ್ಕೊಂದು ಎಂದು ಬರೆದದ್ದನ್ನು ದಿನಕ್ಕೊಂದು ಎಂದು ತಿಳಿದು ತಿಂಗಳುಗಟ್ಟಲೆ ನುಂಗಿದರೆ ರಕ್ತದ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಮಲಬದ್ಧತೆ, ವಾಂತಿ, ಮಂಕು ಕವಿದು ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ.

ಆದ್ದರಿಂದ ಜಿಲ್ಲೆಯ ಆರೋಗ್ಯ ಇಲಾಖೆಗೂ ಔಷಧಿ ಅಂಗಡಿಗಳವರಿಗೂ ನಮ್ಮ ಕೋರಿಕೆ ಇಷ್ಟು. ಮಾತ್ರೆ ಹಾಕಿ ಕೊಡುವ ಕಾಗದದ ಲಕೋಟೆಯ ಮೇಲೆ ಕನ್ನಡದಲ್ಲಿ ಎರಡು ಸಾಲು ಮುದ್ರಿಸಲಿ. ಕ್ಯಾಲ್ಸಿಯಂಗೆ: ‘ಊಟದ ಜೊತೆ, ಕಬ್ಬಿಣದ ಮಾತ್ರೆಯಿಂದ 2 ಗಂಟೆ ದೂರ’. ವಿಟಮಿನ್ ಡಿಗೆ: ‘ವಾರಕ್ಕೆ ಒಂದೇ, ಇಂಥ ದಿನ’, ದಿನದ ಹೆಸರನ್ನು ಕೈಯಲ್ಲಿ ಬರೆಯಲು ಜಾಗ ಬಿಟ್ಟು.

— ರಸಾಯನಶಾಸ್ತ್ರ ಮತ್ತು ಆಹಾರ ವಿಜ್ಞಾನದ ಇಬ್ಬರು ಉಪನ್ಯಾಸಕರು, ತೀರ್ಥಹಳ್ಳಿ